ಬಿಸಿನೆಸ್ ಅನಾಲಿಸ್ಟ್ ಆಗಬೇಕೇ? ಕೋರ್ಸ್‌ಗೆ ಹಣ ಕಟ್ಟುವ ಮುನ್ನ ಇಷ್ಟು ಮಾಡಿ

ಡಿಗ್ರಿ ಮುಗಿದಿದೆ. ಕೋಡಿಂಗ್ ಅಷ್ಟಾಗಿ ಒಲಿಯಲಿಲ್ಲ, ಆದರೆ ಐಟಿ ಕಂಪನಿಯಲ್ಲೇ ಕೆಲಸ ಬೇಕು. ಅಥವಾ ಬ್ಯಾಂಕ್ ಕೌಂಟರಿನಲ್ಲೋ, ಇನ್ಶೂರೆನ್ಸ್ ಆಫೀಸಿನಲ್ಲೋ, ಬಿಪಿಒದಲ್ಲೋ ನಾಲ್ಕೈದು ವರ್ಷ ದುಡಿದಾಗಿದೆ, ಈಗ ದಾರಿ ಬದಲಿಸಬೇಕು ಅನಿಸುತ್ತಿದೆ. ಇಂಥವರಿಗೆ ಗೆಳೆಯರು ಹೇಳುವ ಹೆಸರುಗಳಲ್ಲಿ ಬಿಸಿನೆಸ್ ಅನಾಲಿಸ್ಟ್ ಇದ್ದೇ ಇರುತ್ತದೆ. ಮೊಬೈಲಿನಲ್ಲಿ ಒಮ್ಮೆ ಹುಡುಕಿದರೆ ಸಾಕು, ಕೋರ್ಸ್‌ಗಳ ಜಾಹೀರಾತು ಬೆನ್ನು ಹತ್ತುತ್ತವೆ. ಫೀಸು ಕೆಲವು ಸಾವಿರದಿಂದ ಹಿಡಿದು ಲಕ್ಷ ದಾಟುವವರೆಗೂ ಇದೆ. ಅಷ್ಟು ದುಡ್ಡು ಕೊಡುವ ಮುನ್ನ ಎರಡು ವಾರ ಹುಡುಕಾಟಕ್ಕೆ ಇಡಿ. ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದು ಇಲ್ಲಿದೆ.

ಮೊದಲು ಕೆಲಸವನ್ನು ನೋಡಿ, ಕೋರ್ಸನ್ನಲ್ಲ

ಹಳ್ಳಿಯ ಹಾಲಿನ ಡೇರಿಯನ್ನೇ ತಗೊಳ್ಳಿ. ಬೆಳಿಗ್ಗೆ, ಸಂಜೆ ರೈತರು ಹಾಲು ಹಾಕುತ್ತಾರೆ. ಅಳತೆ ಆಗುತ್ತದೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡುತ್ತಾರೆ, ಅದರ ಮೇಲೆ ರೇಟು ನಿಲ್ಲುತ್ತದೆ, ಆಮೇಲೆ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಸಂಘದವರು ಒಂದು ಸಾಫ್ಟ್‌ವೇರ್ ಕಂಪನಿಗೆ ಬಂದು "ನಮಗೊಂದು ಆ್ಯಪ್ ಮಾಡಿಕೊಡಿ" ಎಂದರು ಅಂತಿಟ್ಟುಕೊಳ್ಳಿ. ಪ್ರೋಗ್ರಾಮರ್ ಕೂತು ಬರೆಯುವ ಮೊದಲು ಒಬ್ಬರು ಡೇರಿಗೆ ಹೋಗಬೇಕು. ಕಾರ್ಯದರ್ಶಿಯನ್ನು ಕೇಳಬೇಕು, ಹಾಲು ಪರೀಕ್ಷೆ ಮಾಡುವವರನ್ನು ಕೇಳಬೇಕು, ಕ್ಯಾನ್ ಹಿಡಿದು ನಿಂತವರನ್ನೂ ಮಾತಾಡಿಸಬೇಕು. ಆಗ ನಿಜವಾದ ತೊಂದರೆ ಹೊರಬರಬಹುದು. ಪಶು ಆಹಾರದ ಬಾಕಿಯನ್ನು ಹಾಲಿನ ಹಣದಲ್ಲಿ ಮುರಿದುಕೊಂಡದ್ದು ರೈತರಿಗೆ ಎಲ್ಲೂ ಕಾಣುತ್ತಿಲ್ಲ. ಚೀಟಿಯ ಲೆಕ್ಕಕ್ಕೂ ಖಾತೆಗೆ ಬಂದ ಹಣಕ್ಕೂ ತಾಳೆ ಆಗುತ್ತಿಲ್ಲ. ಹಾಗಿದ್ದರೆ ಬೇಕಿರುವುದು ದೊಡ್ಡ ಆ್ಯಪ್ ಅಲ್ಲ, ಕಡಿತದ ವಿವರ ಹೇಳುವ ಒಂದು ಎಸ್‌ಎಂಎಸ್ ಇರಬಹುದು.

ಹೀಗೆ ಕೇಳಿ, ತಿಳಿದು, ಬೇಕಾದದ್ದನ್ನು ಪ್ರೋಗ್ರಾಮರ್‌ಗೂ ಸಂಘದವರಿಗೂ ಒಂದೇ ಅರ್ಥ ಬರುವಂತೆ ಬರೆದುಕೊಡುವವರೇ ಬಿಸಿನೆಸ್ ಅನಾಲಿಸ್ಟ್. ಸಾಫ್ಟ್‌ವೇರ್ ತಯಾರಾದ ಮೇಲೆ ಕೇಳಿದ್ದೇ ಬಂದಿದೆಯಾ ಎಂದು ಬಳಸುವವರ ಜೊತೆ ಕೂತು ನೋಡುವುದೂ ಇವರ ಕೆಲಸವೇ. ಜನರ ಜೊತೆ ಗಂಟೆಗಟ್ಟಲೆ ಮಾತಾಡುವುದು, ದಿನವಿಡೀ ಬರೆಯುವುದು ನಿಮಗೆ ಹಿಡಿಸುತ್ತದಾ? ಇಲ್ಲ ಎನ್ನುವುದಾದರೆ ಈಗಲೇ ಬೇರೆ ದಾರಿ ನೋಡುವುದು ಒಳ್ಳೆಯದು.

ಇಲ್ಲಿ ತುಂಬಾ ಜನ ಎಡವುವ ಜಾಗ ಒಂದಿದೆ. ಬಿಸಿನೆಸ್ ಅನಾಲಿಟಿಕ್ಸ್ ಎಂಬ ಕೋರ್ಸ್‌ಗಳು ಬೇರೆ ಕೆಲಸಕ್ಕೆ. ಅವುಗಳಲ್ಲಿ ಪೈಥಾನ್, ಅಂಕಿಅಂಶ ಶಾಸ್ತ್ರ, ಮುಂದಿನ ಮಾರಾಟ ಊಹಿಸುವ ಮಾಡೆಲ್‌ಗಳೇ ಜಾಸ್ತಿ. ಅದೂ ಒಳ್ಳೆಯ ಕೆಲಸವೇ. ಆದರೆ ರೈತರನ್ನು ಮಾತಾಡಿಸಿ ಬರೆಯುವ ಕೆಲಸಕ್ಕೆ ಹೊರಟವರು ಅದಕ್ಕೆ ಫೀಸು ಕಟ್ಟಿದರೆ ಅರ್ಧದಷ್ಟು ಪಾಠ ಉಪಯೋಗಕ್ಕೆ ಬರುವುದಿಲ್ಲ. ಸಿಲಬಸ್ ಓದದೆ ಬರೀ ಹೆಸರು ನೋಡಿ ಸೇರಬೇಡಿ.

20 ಜಾಹೀರಾತು ಓದಿ

ನೌಕ್ರಿ ಅಥವಾ ಲಿಂಕ್ಡ್‌ಇನ್‌ನಲ್ಲಿ ಬೆಂಗಳೂರಿನ 20 ಬಿಸಿನೆಸ್ ಅನಾಲಿಸ್ಟ್ ಹುದ್ದೆಗಳನ್ನು ತೆರೆಯಿರಿ. ಒಂದು ಎಕ್ಸೆಲ್ ಹಾಳೆ ಮಾಡಿ. ಕೇಳಿರುವ ಅನುಭವ, ಯಾವ ಕ್ಷೇತ್ರ, ಯಾವ ಸಾಫ್ಟ್‌ವೇರ್, ಯಾವ ಸರ್ಟಿಫಿಕೇಟ್ ಎಂದು ನಾಲ್ಕು ಕಾಲಂ ಸಾಕು. ಜಿರಾ (ತಂಡದ ಕೆಲಸದ ಪಟ್ಟಿ ಇಡುವ ಸಾಫ್ಟ್‌ವೇರ್), ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ), ಯೂಸರ್ ಸ್ಟೋರಿ (ಬಳಸುವವರಿಗೆ ಏನು ಬೇಕು, ಯಾಕೆ ಬೇಕು ಎಂದು ಹೇಳುವ ಒಂದೆರಡು ಸಾಲು), ಯುಎಟಿ (ಬಳಸುವವರೇ ಮಾಡುವ ಕೊನೆಯ ಪರೀಕ್ಷೆ), ಆ್ಯಜೈಲ್ (ಸಾಫ್ಟ್‌ವೇರನ್ನು ಸ್ವಲ್ಪ ಸ್ವಲ್ಪವಾಗಿ ಮಾಡಿ ತೋರಿಸುತ್ತಾ ಹೋಗುವ ರೀತಿ) ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಈ ಹಾಳೆಯೇ ಮುಂದೆ ಸಿಲಬಸ್ ತೂಗಲು ನಿಮ್ಮ ಅಳತೆಗೋಲು.

ಅನುಭವದ ಕಾಲಂ ನೋಡಿ ಫ್ರೆಶರ್‌ಗಳಿಗೆ ಸ್ವಲ್ಪ ಬೇಸರ ಆಗಬಹುದು. ಹೆಚ್ಚಿನ ಕಂಪನಿಗಳು ಕೆಲವು ವರ್ಷದ ಅನುಭವ ಕೇಳುತ್ತವೆ. ಹಾಗಾಗಿ ಎಷ್ಟೋ ಜನ ಟೆಸ್ಟಿಂಗ್, ಸಪೋರ್ಟ್, ಎಂಐಎಸ್ (ಕಂಪನಿಯ ವರದಿ ತಯಾರಿಸುವ ಕೆಲಸ), ಆಪರೇಷನ್ಸ್ ಬಾಗಿಲಿನಿಂದ ಒಳಗೆ ಹೋಗಿ ಆಮೇಲೆ ಅನಾಲಿಸ್ಟ್ ಆಗುತ್ತಾರೆ. ಜೂನಿಯರ್ ಅನಾಲಿಸ್ಟ್, ಸಿಸ್ಟಂ ಅನಾಲಿಸ್ಟ್ ಎಂಬ ಹೆಸರಿನ ಹುದ್ದೆಗಳನ್ನೂ ಹುಡುಕಿ.

ಬೇರೆ ಕಡೆ ದುಡಿದವರಿಗೆ ಲೆಕ್ಕ ಬೇರೆ. ಬ್ಯಾಂಕಿನಲ್ಲಿದ್ದವರಿಗೆ ಕೆವೈಸಿ, ಸಾಲದ ಫೈಲು ಹೇಗೆ ಓಡಾಡುತ್ತದೆ ಎಂಬುದು ಗೊತ್ತು. ಆಸ್ಪತ್ರೆಯ ಬಿಲ್ಲಿಂಗ್‌ನಲ್ಲಿದ್ದವರಿಗೆ ಇನ್ಶೂರೆನ್ಸ್ ಕ್ಲೇಮು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಗೊತ್ತು. ಇದನ್ನು ಯಾವ ಕೋರ್ಸೂ ಮೂರು ತಿಂಗಳಲ್ಲಿ ಕಲಿಸಲಾರದು. ಅದನ್ನು ಬಿಟ್ಟು ಹೊಸ ಕ್ಷೇತ್ರಕ್ಕೆ ಹಾರಬೇಡಿ. ಅದೇ ಕ್ಷೇತ್ರದ ಸಾಫ್ಟ್‌ವೇರ್ ಮಾಡುವ ಕಂಪನಿಗಳನ್ನು ಹುಡುಕಿ, ಅದಕ್ಕೆ ಒಪ್ಪುವ ತರಬೇತಿ ಆರಿಸಿ.

ನೀವು ಬರೆದದ್ದನ್ನು ಯಾರು ತಿದ್ದುತ್ತಾರೆ?

ಸಿಲಬಸ್‌ನಲ್ಲಿ ಇರಲೇಬೇಕಾದವು ಇವು: ಜನರಿಂದ ವಿಷಯ ತೆಗೆಯುವ ಸಂದರ್ಶನ, ಈಗ ಕೆಲಸ ಹೇಗೆ ನಡೆಯುತ್ತಿದೆ ಮತ್ತು ಮುಂದೆ ಹೇಗೆ ನಡೆಯಬೇಕು ಎಂಬ ಬಿಪಿಎಂಎನ್ ನಕ್ಷೆ (ಕೆಲಸದ ಹಂತಗಳನ್ನು ಗುರುತುಗಳಲ್ಲಿ ಬರೆಯುವ ಪದ್ಧತಿ), ಬಿಆರ್‌ಡಿ (ಬೇಕಾದದ್ದನ್ನೆಲ್ಲ ಬರೆದಿಡುವ ದಾಖಲೆ), ಯೂಸರ್ ಸ್ಟೋರಿ ಮತ್ತು ಅದರ ಜೊತೆ ಬರುವ ಅಕ್ಸೆಪ್ಟೆನ್ಸ್ ಕ್ರೈಟೀರಿಯಾ (ಕೆಲಸ ಸರಿಯಾಗಿ ಮುಗಿದಿದೆ ಎನ್ನಲು ಬೇಕಾದ ಷರತ್ತುಗಳು), ಸ್ಕ್ರೀನಿನ ಕಚ್ಚಾ ಚಿತ್ರ, ಸ್ಕ್ರಮ್ (ಆ್ಯಜೈಲ್‌ನ ಒಂದು ಪದ್ಧತಿ) ತಂಡದಲ್ಲಿ ಕೆಲಸ ಮಾಡುವ ರೀತಿ, ಯುಎಟಿ, ಜೊತೆಗೆ ಸಾಕಷ್ಟು ಎಸ್‌ಕ್ಯೂಎಲ್ ಮತ್ತು ಎಕ್ಸೆಲ್. ಅಂಕಿಅಂಶವನ್ನು ಚಾರ್ಟ್ ಮಾಡಿ ತೋರಿಸುವ ಪವರ್ ಬಿಐ ಸಾಫ್ಟ್‌ವೇರ್ ಇದ್ದರೆ ಲಾಭ, ಇಲ್ಲದಿದ್ದರೂ ನಡೆಯುತ್ತದೆ.

ಆದರೆ ಪಟ್ಟಿ ಎಲ್ಲರ ಬಳಿಯೂ ಹೆಚ್ಚುಕಡಿಮೆ ಒಂದೇ. ಕೋರ್ಸ್ ಒಳ್ಳೆಯದಾ ಅಲ್ವಾ ಎಂಬುದು ಬೇರೆ ಪ್ರಶ್ನೆಯಲ್ಲಿದೆ: ನಾನು ಬರೆದ ಯೂಸರ್ ಸ್ಟೋರಿಯನ್ನು ಯಾರು ಓದಿ ತಿದ್ದುತ್ತಾರೆ, ಎಷ್ಟು ಸಲ? ನನ್ನ ಮಟ್ಟಿಗೆ ತರಬೇತಿಯ ಬೆಲೆಯೆಲ್ಲ ಇದರಲ್ಲೇ ಇದೆ.

ಡೇರಿಯ ಉದಾಹರಣೆಯಲ್ಲೇ ನೋಡಿ. "ಹಾಲು ಹಾಕುವ ಸದಸ್ಯೆಯಾಗಿ ನನಗೆ ಪ್ರತಿ ಬಿಲ್ಲಿನ ಕಡಿತದ ವಿವರ ಮೊಬೈಲಿಗೆ ಬರಬೇಕು, ಆಗ ಖಾತೆಗೆ ಬಂದ ಹಣ ಸರಿಯಾ ಎಂದು ನಾನೇ ನೋಡಿಕೊಳ್ಳಬಹುದು." ಇಷ್ಟು ಬರೆಯುವುದು ಒಂದು ದಿನದಲ್ಲಿ ಬರುತ್ತದೆ. ಅನುಭವ ಇರುವ ಟ್ರೈನರ್ ಇದನ್ನು ಓದಿ ತಕ್ಷಣ ಕೇಳುತ್ತಾರೆ: ಕಡಿತವೇ ಇಲ್ಲದ ಬಿಲ್ಲಿಗೂ ಮೆಸೇಜ್ ಹೋಗಬೇಕಾ? ಅತ್ತೆ, ಸೊಸೆ ಇಬ್ಬರೂ ಸದಸ್ಯರು, ಇಬ್ಬರೂ ಕೊಟ್ಟಿರುವುದು ಒಂದೇ ಮೊಬೈಲ್ ನಂಬರು, ಆಗ? ಕಾರ್ಯದರ್ಶಿ ಲೆಕ್ಕ ತಪ್ಪಿ ಆಮೇಲೆ ಸರಿಪಡಿಸಿದರೆ ಎರಡನೇ ಮೆಸೇಜ್ ಬರಬೇಕಾ? ಮೆಸೇಜ್ ಕನ್ನಡದಲ್ಲಿ ಇರುತ್ತದಾ? ಈ ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳುವ ಹಂತಕ್ಕೆ ಬರುವುದೇ ಕಲಿಕೆ. ರೆಕಾರ್ಡ್ ಮಾಡಿದ ವಿಡಿಯೊ ನೋಡಿ ಅಲ್ಲಿಗೆ ಮುಟ್ಟುವುದು ಕಷ್ಟ.

ಹಾಗಾಗಿ ಡೆಮೊ ತರಗತಿಗೆ ಹೋಗುವಾಗ ಇಂಥದ್ದೊಂದು ಯೂಸರ್ ಸ್ಟೋರಿ ಬರೆದುಕೊಂಡು ಹೋಗಿ. ಟ್ರೈನರ್‌ಗೆ ತೋರಿಸಿ, "ಸರ್, ಇದರಲ್ಲಿ ಏನು ಬಿಟ್ಟುಹೋಗಿದೆ?" ಎಂದು ಕೇಳಿ. ಐದು ನಿಮಿಷದಲ್ಲಿ ಎಲ್ಲ ತಿಳಿಯುತ್ತದೆ. ಅವರು ಯಾವ ಪ್ರಾಜೆಕ್ಟ್‌ಗಳಲ್ಲಿ ಅನಾಲಿಸ್ಟ್ ಆಗಿ ದುಡಿದಿದ್ದಾರೆ ಎಂದೂ ವಿಚಾರಿಸಿ. ಬ್ಯಾಚಿನಲ್ಲಿ ಎಷ್ಟು ಜನ ಎನ್ನುವುದೂ ಮುಖ್ಯ. ನೂರು ಜನರ ಬರಹವನ್ನು ಒಬ್ಬರೇ ತಿದ್ದಲು ಆಗುವುದಿಲ್ಲ.

ಇಂಗ್ಲಿಷ್ ಬಗ್ಗೆ ಅಳುಕಿದ್ದರೆ ಅದಕ್ಕೂ ಇದೇ ಮದ್ದು. ದಾಖಲೆಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕು, ನಿಜ. ಆದರೆ ಅಲ್ಲಿ ಬೇಕಿರುವುದು ಚಿಕ್ಕ, ನೇರ ವಾಕ್ಯ. ಕನ್ನಡ ಮಾಧ್ಯಮದಲ್ಲಿ ಓದಿದವರು ಆರು ತಿಂಗಳು ಬರೆದು ತಿದ್ದಿಸಿಕೊಂಡರೆ ಖಂಡಿತ ಬರುತ್ತದೆ. ಮತ್ತೆ, ಹಾವೇರಿಯ ಬ್ಯಾಂಕ್ ಶಾಖೆಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಸಾಫ್ಟ್‌ವೇರ್ ಬಳಸುವವರನ್ನು ಕನ್ನಡದಲ್ಲೇ ಮಾತಾಡಿಸಿ ಒಳಗಿನ ಮಾತು ತೆಗೆಯುವ ಶಕ್ತಿ ನಿಮಗಿದೆ. ಅದನ್ನು ಕಡಿಮೆ ಅಂದುಕೊಳ್ಳಬೇಡಿ.

ಸರ್ಟಿಫಿಕೇಟ್ ಯಾವಾಗ?

ಈ ವೃತ್ತಿಗೆ ಹೆಸರಾದ ಸಂಸ್ಥೆ ಐಐಬಿಎ (ಇಂಟರ್‌ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬಿಸಿನೆಸ್ ಅನಾಲಿಸಿಸ್). ಕೆನಡಾದಲ್ಲಿ 2003ರಲ್ಲಿ ಶುರುವಾಯಿತು. ಅದರ ಕೈಪಿಡಿ ಬಾಬೊಕ್, ಮೂರನೇ ಆವೃತ್ತಿ ಬಂದದ್ದು 2015ರಲ್ಲಿ. ಕೆಲಸವನ್ನು ಆರು ಭಾಗ ಮಾಡಿ, 50 ವಿಧಾನಗಳನ್ನು ವಿವರಿಸುತ್ತದೆ. ಐಐಬಿಎಯ ಪರೀಕ್ಷೆಗಳಲ್ಲಿ ಇಸಿಬಿಎ ಹೊಸಬರಿಗೆ, ಅನುಭವ ಬೇಕಿಲ್ಲ. ಸಿಸಿಬಿಎಗೆ ಕಳೆದ 7 ವರ್ಷಗಳಲ್ಲಿ 3,750 ಗಂಟೆ ಈ ಕೆಲಸ ಮಾಡಿರಬೇಕು. ಸಿಬಿಎಪಿಗೆ 10 ವರ್ಷಗಳಲ್ಲಿ 7,500 ಗಂಟೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ (ಪಿಎಂಐ) ಎಂಬ ಇನ್ನೊಂದು ಸಂಸ್ಥೆ ನಡೆಸುವ ಪಿಎಂಐ-ಪಿಬಿಎ ಕೂಡ ಅನುಭವ ಕೇಳುತ್ತದೆ.

ಅಂದರೆ ಈಗಷ್ಟೇ ಬಿಕಾಂ ಮುಗಿಸಿದವರಿಗೆ "ನಮ್ಮಲ್ಲಿ ಸೇರಿ, ಸಿಬಿಎಪಿ ಆಗಿ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಫ್ರೆಶರ್‌ಗೆ ಇಸಿಬಿಎ ಕೂಡ ಮೊದಲ ಹೆಜ್ಜೆ ಆಗಬೇಕಿಲ್ಲ. ನಿಮ್ಮ 20 ಜಾಹೀರಾತಿನ ಹಾಳೆಯಲ್ಲಿ ಎಷ್ಟು ಕಂಪನಿಗಳು ಅದನ್ನು ಕೇಳಿವೆ ಎಂದು ಎಣಿಸಿ, ಆಮೇಲೆ ತೀರ್ಮಾನಿಸಿ. ನಿಯಮಗಳು ಬದಲಾಗುತ್ತಿರುತ್ತವೆ. ಟ್ರೈನಿಂಗ್ ಸೆಂಟರಿನ ಮಾತು ನಂಬದೆ ಐಐಬಿಎ ಜಾಲತಾಣದಲ್ಲೇ ಓದಿಕೊಳ್ಳಿ.

ದುಡ್ಡಿನ ವಿಚಾರ

ಹೇಳಿದ ಫೀಸಿನಲ್ಲಿ ಜಿಎಸ್‌ಟಿ ಸೇರಿದೆಯಾ ಕೇಳಿ. ಕೋಚಿಂಗ್‌ಗೆ ಶೇ 18 ಇದೆ. 50,000 ಎಂದದ್ದು 59,000 ಆಗಬಹುದು. ಸರ್ಟಿಫಿಕೇಟ್ ಪರೀಕ್ಷೆಯ ಶುಲ್ಕ ಸೇರಿದೆಯಾ ಎಂದೂ ಕೇಳಿ.

ಇಎಂಐ ಎಂದರೆ ಬಹಳ ಕಡೆ ನಿಮ್ಮ ಹೆಸರಿನಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ ತೆಗೆಯುವ ಸಾಲ. ಕೋರ್ಸ್ ಬಿಟ್ಟರೂ ಸಾಲ ಬಿಡುವುದಿಲ್ಲ, ಕಂತು ತಪ್ಪಿದರೆ ಸಿಬಿಲ್ ಸ್ಕೋರ್ ಬೀಳುತ್ತದೆ. ಹಣ ವಾಪಸ್ ನಿಯಮವನ್ನು ಬರವಣಿಗೆಯಲ್ಲಿ ಪಡೆಯದೆ ಒಟಿಪಿ ಹೇಳಬೇಡಿ.

"ಕೆಲಸ ಗ್ಯಾರಂಟಿ" ಎಂಬ ಮಾತನ್ನೂ ಹಾಗೇ ಕಾಗದದ ಮೇಲೆ ಕೇಳಿ. ಯಾವ ಹುದ್ದೆ, ಎಷ್ಟು ಸಂಬಳ, ಸಿಗದಿದ್ದರೆ ಏನು? ಕೋಚಿಂಗ್ ಸೆಂಟರುಗಳು ಹೀಗೆ ಸುಳ್ಳು ಭರವಸೆಯ ಜಾಹೀರಾತು ಕೊಡಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮೋಸ ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಎರಡು ವರ್ಷದ ಅನುಭವ ಪತ್ರ ನಾವೇ ಮಾಡಿಕೊಡ್ತೀವಿ ಎನ್ನುವವರಿದ್ದಾರೆ. ಕಂಪನಿಗಳು ಪಿಎಫ್ ದಾಖಲೆ ತೆಗೆಸಿ ನೋಡುತ್ತವೆ. ಸಿಕ್ಕಿಬಿದ್ದರೆ ಸಿಕ್ಕ ಕೆಲಸವೂ ಹೋಗುತ್ತದೆ, ಮುಂದಿನ ಬಾಗಿಲೂ ಮುಚ್ಚುತ್ತದೆ.

ಮೊದಲ ಎರಡು ತಿಂಗಳು ಬಿಟ್ಟಿಯಾಗಿ ಕಲಿಯಿರಿ

ಎಸ್‌ಕ್ಯೂಎಲ್, ಎಕ್ಸೆಲ್‌ಗೆ ದುಡ್ಡು ಸುರಿಯಬೇಕಿಲ್ಲ. ಮೈಎಸ್‌ಕ್ಯೂಎಲ್ ಉಚಿತ. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪಾಠ ಉಚಿತ, ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಪವರ್ ಬಿಐ ಪಾಠಗಳು ಮೈಕ್ರೋಸಾಫ್ಟ್ ಲರ್ನ್‌ನಲ್ಲಿ, ಬೇರೆ ಹಲವು ವಿಷಯ ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್‌ನಲ್ಲಿ ಹಣ ಕೊಡದೆ ಸಿಗುತ್ತವೆ. ಸ್ಕ್ರಮ್ ಗೈಡ್ ಕೆಲವೇ ಪುಟ, ಅದೂ ಉಚಿತ. ನಕ್ಷೆ ಬರೆಯಲು ಡ್ರಾ ಡಾಟ್ ಐಒ ಸಾಕು.

ಇಷ್ಟು ಕಲಿತ ಮೇಲೆ ನಿಮ್ಮೂರಿನ ಒಂದು ಕೆಲಸ ಆರಿಸಿ. ಡೇರಿ, ಸೊಸೈಟಿಯ ಗೊಬ್ಬರ ಹಂಚಿಕೆ, ಪರಿಚಯದ ಮೆಡಿಕಲ್ ಶಾಪಿನ ಸ್ಟಾಕು, ಯಾವುದಾದರೂ ಆದೀತು. ಮೂವರನ್ನು ಮಾತಾಡಿಸಿ, ಈಗಿನ ನಕ್ಷೆ ಬರೆಯಿರಿ, ಹತ್ತು ಯೂಸರ್ ಸ್ಟೋರಿ ಬರೆಯಿರಿ. ಎಲ್ಲಿ ಕೈ ಕಟ್ಟಿಹೋಗುತ್ತದೋ ಗುರುತು ಹಾಕಿಕೊಳ್ಳಿ. ಆ ಗುರುತುಗಳನ್ನು ಕಲಿಸುವ ಕೋರ್ಸ್‌ಗೆ ಮಾತ್ರ ಫೀಸು ಕಟ್ಟಿ. ಇದೇ ಫೈಲನ್ನು ಇಂಟರ್‌ವ್ಯೂಗೂ ಒಯ್ಯಿರಿ, ಜನರ ಹೆಸರು, ಖಾತೆ ನಂಬರು ತೆಗೆದುಹಾಕಿ.