ಹಿಂಗಾರಿ ಬಿಳಿಜೋಳಕ್ಕೆ ಚೌಕುಮಡಿ ಈಗಲೇ ಹಾಕ್ರಿ

ವಿಜಯಪುರ, ಇಂಡಿ, ಸಿಂದಗಿ ಕಡೆ ಎರಿ (ಕಪ್ಪು ಮಣ್ಣಿನ) ಹೊಲ ಇದ್ದವರಿಗೆ ಈ ಮಾತು. ಈಗ ಮಳೆ ಬಂದರೆ ಒಂದೇ ತಾಸಿನಲ್ಲಿ ಸುರಿದು ಹೋಗುತ್ತದೆ, ಆಮೇಲೆ ವಾರಗಟ್ಟಲೆ ಬಿಸಿಲು. ಎರಿ ಮಣ್ಣು ಅಷ್ಟು ಬೇಗ ನೀರು ಕುಡಿಯುವುದಿಲ್ಲ. ನೀರಿನ ಜೊತೆ ಮೇಲ್ಮಣ್ಣೂ ಹಳ್ಳ ಸೇರುತ್ತದೆ.

ಆ ನೀರು ಹೊಲದಲ್ಲೇ ನಿಂತು ಇಂಗಬೇಕೆಂದರೆ ಜೂನ್-ಜುಲೈನಲ್ಲಿ ಹದ ಸಿಕ್ಕ ಕೂಡಲೇ ಹರಗಿ, ಸುತ್ತ ಬದು ಹಾಕಿ 10ರಿಂದ 15 ಅಡಿ ಚೌಕದ ಮಡಿ ಮಾಡಿ. ಇಳಿಜಾರು ಹೆಚ್ಚಿದ್ದಲ್ಲಿ ಮಡಿ ಸಣ್ಣದಿರಲಿ. ಬದು ಅರ್ಧ ಅಡಿಗಿಂತ ತುಸು ಎತ್ತರವಿದ್ದರೆ ಸಾಕು. ದೊಡ್ಡ ಮಳೆಯ ಮರುದಿನ ಸಲಿಕೆ ಹಿಡಿದು ಹೊಲ ಸುತ್ತಲೇಬೇಕು. ಮೇಲಿನ ಒಂದು ಮಡಿ ಒಡೆದರೆ ಆ ನೀರು ಕೆಳಗಿನದಕ್ಕೆ ನುಗ್ಗಿ ಸಾಲಿಗೆ ಸಾಲೇ ಕಿತ್ತುಹೋಗುತ್ತದೆ. ಬಹಳ ಮಂದಿ ಸೋಲುವುದು ಇಲ್ಲೇ.

ಬಿತ್ತನೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದೊಳಗೆ, ಎಕರೆಗೆ 3 ಕೆಜಿ ಬೀಜ. 2 ಲೀಟರ್ ನೀರಿಗೆ 40 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಬೀಜ 8 ತಾಸು ನೆನೆಸಿ, ನೆರಳಲ್ಲಿ ಮೊದಲಿನ ತೂಕಕ್ಕೆ ಬರುವಂತೆ ಒಣಗಿಸಿ. ಬಿಸಿಲಿಗೆ ಹರವಬೇಡಿ, ಮೊಳಕೆ ಕೆಡುತ್ತದೆ.

ಬೆಳೆ ಎದ್ದ ಮೇಲೆ ಎರಡು-ಮೂರು ಸಲ ಎಡೆ ಹೊಡೆಯಿರಿ, ಅಂದರೆ ಸಾಲುಗಳ ನಡುವಿನ ಮಣ್ಣು ಕುಂಟೆಯಿಂದ ಸಡಿಲಿಸಿ. ಕಸ (ಕಳೆ) ಇಲ್ಲದಿದ್ದರೂ ಹೊಡೆಯಿರಿ. ಎರಿ ನೆಲ ಒಣಗಿದಂತೆ ಬಿಡುವ ಬಿರುಕಿನೊಳಗಿಂದಲೇ ತೇವ ಆರಿಹೋಗುತ್ತದೆ, ಬೆರಳು ಇಳಿಯುವಷ್ಟು ಬಾಯಿ ಬಿಡುವ ಮೊದಲೇ ಮುಚ್ಚಬೇಕು.