ಕೊಳವೆ ಚಾಲೂ ಆಗುವ ವರ್ಷ ಯಾವುದು?

ಮೈಸೂರಿನ ಹೊರವಲಯದಲ್ಲಿ ಬಡಾವಣೆಗಳ ನಕ್ಷೆ ಮಾಡಿಕೊಡುವುದು ನನ್ನ ಕಸುಬು. ಎಷ್ಟು ನಿವೇಶನ ಬೀಳುತ್ತವೆ ಎಂಬುದು ಜಮೀನಿನವರ ಮೊದಲ ಪ್ರಶ್ನೆ. ಕೊಳಚೆ ನೀರು ಯಾವ ಕಡೆಗೆ ಇಳಿಯುತ್ತದೆ, ಅದನ್ನು ಹೊರುವ ಮುಖ್ಯ ಕೊಳವೆ ಯಾವ ವರ್ಷ ಚಾಲೂ ಆಗುತ್ತದೆ ಎಂಬುದು ನನ್ನದು. ಇದಕ್ಕೆ ಉತ್ತರ ಸಿಗುವ ಮುನ್ನ ನಾನು ನಿವೇಶನದ ಗೆರೆ ಎಳೆಯುವುದಿಲ್ಲ.

ಮೈಸೂರು ದಿಣ್ಣೆಯ ಮೇಲೆ ಕೂತ ಊರು. ಉತ್ತರದ ನೀರು ಕಾವೇರಿಯತ್ತ ಇಳಿದರೆ ದಕ್ಷಿಣದ್ದು ಕಬಿನಿಯತ್ತ ಹರಿಯುತ್ತದೆ. ಶುದ್ಧೀಕರಣ ಘಟಕಗಳನ್ನೂ ಇದೇ ಲೆಕ್ಕದಲ್ಲಿ ಕಟ್ಟಿದ್ದಾರೆ: ಕೆಸರೆಯಲ್ಲಿ ದಿನಕ್ಕೆ 3 ಕೋಟಿ ಲೀಟರ್, ರಾಯನಕೆರೆಯಲ್ಲಿ 6 ಕೋಟಿ, ವಿದ್ಯಾರಣ್ಯಪುರಂನಲ್ಲಿ ಸುಮಾರು 6.76 ಕೋಟಿ ಲೀಟರ್ ಸಾಮರ್ಥ್ಯ. ಬಡಾವಣೆಗಳು ಮಾತ್ರ ಬೋಗಾದಿ ರಸ್ತೆ, ನಂಜನಗೂಡು ರಸ್ತೆ ಎಂದು ರಸ್ತೆ ಹಿಡಿದು ಬೆಳೆಯುತ್ತವೆ. ಒಂದೇ ರಸ್ತೆಯ ಎಡ ಬಲದಲ್ಲಿರುವ ಎರಡು ಬಡಾವಣೆಗಳ ನೀರು ಬೇರೆ ಬೇರೆ ಕಣಿವೆಗೆ ಹೋಗುವುದುಂಟು. ಆದ್ದರಿಂದ ಆಸುಪಾಸಿನಲ್ಲಿ ಅನುಮೋದನೆಯಾದ ಬಡಾವಣೆಗಳನ್ನೆಲ್ಲ ಸಮಮಟ್ಟ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ) ನಕ್ಷೆಯ ಮೇಲೆ ಗುರುತಿಸಿ, ಕಣಿವೆಗೊಂದು ಬಣ್ಣ ಹಚ್ಚುತ್ತೇನೆ. ಕೆಳಗಿನ ಕೊಳವೆಯ ಪಾಲುದಾರರು ಯಾರೆಂದು ಆಗ ತಿಳಿಯುತ್ತದೆ.

ಕಷ್ಟವಿರುವುದು ಕಾಲದ ಹೊಂದಾಣಿಕೆಯಲ್ಲಿ. ನಕ್ಷೆಗೆ ಒಪ್ಪಿಗೆ ಕೊಡುವುದು ಅಭಿವೃದ್ಧಿ ಪ್ರಾಧಿಕಾರ. ದೊಡ್ಡ ಕೊಳವೆ ಹಾಕುವುದು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಆಮೇಲೆ ನೋಡಿಕೊಳ್ಳಬೇಕಾದದ್ದು ಸ್ಥಳೀಯ ಸಂಸ್ಥೆ. 2020ರಲ್ಲಿ ಹೂಟಗಳ್ಳಿ ನಗರಸಭೆಯಾಗಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದ ಮೇಲೆ ತಟ್ಟಬೇಕಾದ ಕಚೇರಿ ಬಾಗಿಲುಗಳ ಸಂಖ್ಯೆ ಇನ್ನೂ ಹೆಚ್ಚಿತು. ಪ್ರತಿ ಮುಖ್ಯ ಕೊಳವೆಗೂ ನಾನು ಒಂದು ಹಾಳೆ ಇಟ್ಟಿದ್ದೇನೆ: ಅಂದಾಜು ಪಟ್ಟಿ, ಟೆಂಡರ್, ಕಾರ್ಯಾದೇಶ, ಅಗೆತ, ಚಾಲನೆ. ಚಾಲನೆಯ ಕಾಲಂ ಭರ್ತಿಯಾಗದೆ ನನ್ನ ಮಟ್ಟಿಗೆ ಕೊಳವೆ ಬಂದಿಲ್ಲ. ಕಿಲೋಮೀಟರುಗಟ್ಟಲೆ ಹೂತ ಕೊಳವೆ ರೈಲು ಹಳಿ ದಾಟುವ ಅನುಮತಿಗೋ ಪಂಪ್‌ಹೌಸಿನ ಜಾಗಕ್ಕೋ ಕಾದು ಕೂರುತ್ತದೆ. ನಡುವೆ ಒಂದು ತುಂಡು ಇಲ್ಲದಿದ್ದರೂ ಕೊಳಚೆ ಹಳ್ಳಕ್ಕೇ, ಹಳ್ಳದಿಂದ ಕೆರೆಗೇ.

ನಂಜನಗೂಡು ರಸ್ತೆಯಿಂದ ಒಳಗೆ, ಸುಮಾರು ಸಾವಿರ ನಿವೇಶನಗಳ ಒಂದು ಬಡಾವಣೆಯಲ್ಲಿ ಮಾಲೀಕರೊಂದಿಗೆ ದೊಡ್ಡ ಚರ್ಚೆಯೇ ನಡೆಯಿತು. "ಸಾರ್, ಲೈನ್ ಬರುವವರೆಗೆ ಸಕ್ಕಿಂಗ್ ಗಾಡಿ ತರಿಸಿದರಾಯಿತು" ಎಂದರು. ಲೆಕ್ಕ ಬರೆದು ತೋರಿಸಿದೆ. ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80 ಕೊಳಚೆ. ಬಡಾವಣೆ ತುಂಬಿದಾಗ ದಿನಕ್ಕೆ 5.4 ಲಕ್ಷ ಲೀಟರ್. ಹತ್ತರಲ್ಲಿ ಒಂದು ಮನೆ ಎದ್ದರೂ 54 ಸಾವಿರ. ಆರು ಸಾವಿರ ಲೀಟರಿನ ಗಾಡಿಯಾದರೆ ದಿನಕ್ಕೆ ಒಂಬತ್ತು ಲೋಡ್, ಭಾನುವಾರವೂ ಬಿಡುವಿಲ್ಲ. ಆ ಕಾಗದ ನೋಡಿದ ಮೇಲೆ ಗಾಡಿಯ ಮಾತು ನಿಂತಿತು.

ಕೊಳವೆ ಮೊದಲೇ ಬಂದರೆ ಎಲ್ಲ ಸರಿ ಎಂದು ಹಲವರು ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಒಳಚರಂಡಿ ಕೊಳವೆಯ ಗಾತ್ರವನ್ನು ಮೂವತ್ತು ವರ್ಷ ಮುಂದಿನ ಜನಸಂಖ್ಯೆಗೆ ನಿಗದಿ ಮಾಡುತ್ತಾರೆ. ಆರಂಭದ ದಿನಗಳಲ್ಲೂ ದಿನಕ್ಕೊಮ್ಮೆಯಾದರೂ ಹರಿವು ಸೆಕೆಂಡಿಗೆ 0.6 ಮೀಟರ್ ವೇಗ ಮುಟ್ಟಬೇಕು. ಇಲ್ಲದಿದ್ದರೆ ಘನ ಪದಾರ್ಥ ತಳದಲ್ಲಿ ಕೂರುತ್ತದೆ. ಕೂತದ್ದು ಕೊಳೆತು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಕೊಳವೆಯ ಒಳಮೇಲ್ಭಾಗದ ತೇವದಲ್ಲಿ ಗಂಧಕಾಮ್ಲವಾಗಿ ಕಾಂಕ್ರೀಟನ್ನು ತಿನ್ನುತ್ತದೆ. ಹೂಡಿಕೆಗೆಂದು ಕೊಂಡ ನಿವೇಶನಗಳಲ್ಲಿ ಮನೆ ಏಳಲು ವರ್ಷಗಳೇ ಬೇಕು. ಅಲ್ಲೊಂದು ಇಲ್ಲೊಂದು ಮನೆಯಿರುವ ಬಡಾವಣೆಗೆ ದೊಡ್ಡ ಕೊಳವೆ ಎಂದರೆ ಮದುವೆ ಹಂಡೆಯಲ್ಲಿ ಇಬ್ಬರಿಗೆ ಅನ್ನ ಬೇಯಿಸಿದ ಹಾಗೆ.

ಅದಕ್ಕಾಗಿಯೇ ನಂಜನಗೂಡು ರಸ್ತೆಯ ಆ ಬಡಾವಣೆಯಲ್ಲಿ ತಗ್ಗಿನ ಕಡೆಯಿಂದ ಹಂತಗಳನ್ನು ಮಾಡಿದೆವು. ಮಾಲೀಕರಿಗೆ ದಿಣ್ಣೆಯ ಮೇಲಿನ, ಡಾಂಬರು ರಸ್ತೆಗೆ ಹತ್ತಿರದ ನಿವೇಶನಗಳನ್ನು ಮೊದಲು ಮಾರುವ ಆಸೆ. ಅಲ್ಲಿ ಬೆಲೆ ಜಾಸ್ತಿ. ಆದರೆ ದಿಣ್ಣೆಯ ಮೇಲೆ ಒಂದೇ ಮನೆ ಎದ್ದರೂ ಕೆಳಗಿನವರೆಗೆ ಕೊಳವೆ ಹಾಕಲೇಬೇಕು. ಕೆಳಗಿನಿಂದ ಹೊರಟರೆ ಮನೆಗಳು ಏಳುವಷ್ಟೇ ಉದ್ದ ಹಾಕಿದರೆ ಸಾಕು, ಹರಿವೂ ಒಂದೆಡೆ ಸೇರುತ್ತದೆ. ಹಣದ ಹರಿವಿಗೆ ಪೆಟ್ಟು ಬೀಳದಿರಲೆಂದು ರಸ್ತೆಯ ಬದಿಯ ವಾಣಿಜ್ಯ ನಿವೇಶನಗಳನ್ನು ಎರಡನೆಯ ಹಂತಕ್ಕೆ ಇಟ್ಟೆವು. ರಾಜಿಯೇ, ಆದರೆ ತೂಗಿನೋಡಿ ಮಾಡಿಕೊಂಡದ್ದು.

ಮುಖ್ಯ ಕೊಳವೆ ಬರುವವರೆಗಿನ ಮಧ್ಯಂತರಕ್ಕೆ ಅತಿ ತಗ್ಗಿನ ಜಾಗದಲ್ಲಿ ಚಿಕ್ಕ ಶುದ್ಧೀಕರಣ ಘಟಕ ಕಟ್ಟಿದೆವು. ಒಂದೇ ಸಲ ಪೂರ್ತಿಯಲ್ಲ. ಮೊದಲ ಹಂತಕ್ಕೆ ಬೇಕಾದಷ್ಟು ಕಟ್ಟಿ, ಪಕ್ಕದಲ್ಲಿ ಎರಡನೆಯ ತೊಟ್ಟಿಗೆ ಜಾಗ ಬಿಟ್ಟೆವು. ನಾನು ಪಟ್ಟುಹಿಡಿದದ್ದು ಕೊನೆಯ ಮ್ಯಾನ್‌ಹೋಲಿನ ತಳಮಟ್ಟಕ್ಕೆ. ಮುಂದೆ ಬರುವ ಮುಖ್ಯ ಕೊಳವೆಯ ತಳಮಟ್ಟವನ್ನು ಎಂಜಿನಿಯರರಿಂದ ಬರವಣಿಗೆಯಲ್ಲಿ ಪಡೆದು, ನಮ್ಮದನ್ನು ಅದಕ್ಕಿಂತ ಎತ್ತರದಲ್ಲಿ ನಿಲ್ಲಿಸಿದೆ. ಇಲ್ಲಿ ತಗ್ಗಾದರೆ ಕೊಳಚೆ ತಾನಾಗಿ ಹರಿಯದು, ಜೀವಮಾನವೆಲ್ಲ ಪಂಪ್, ಜೀವಮಾನವೆಲ್ಲ ವಿದ್ಯುತ್ ಬಿಲ್. ಮುಖ್ಯ ಕೊಳವೆಯ ಕಡೆಗೆ ಒಂದು ಬಾಯಿ ಬಿಟ್ಟು ಮುಚ್ಚಳ ಹಾಕಿಸಿದೆ.

ಕೊಳವೆ ಹೇಳಿದ ವರ್ಷಕ್ಕೆ ಬರಲಿಲ್ಲ, ತಡವಾಗಿ ಬಂತು. ಜೋಡಣೆಗೆ ರಸ್ತೆ ಅಗೆಯಬೇಕಾಗಲಿಲ್ಲ. ಚಿಕ್ಕ ಘಟಕವನ್ನು ಒಡೆಯಲು ನಿವಾಸಿಗಳು ಬಿಡಲಿಲ್ಲ. ಉದ್ಯಾನಕ್ಕೆ ಈಗ ಅದೇ ನೀರು. ಅದರ ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಮೋಟಾರಿನ ರಿಪೇರಿ ಯಾರ ಖರ್ಚಿನಲ್ಲಿ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆದ್ದರಿಂದ ಈಚಿನ ಬಡಾವಣೆಗಳಲ್ಲಿ ಘಟಕದ ನಿರ್ವಹಣಾ ನಿಧಿಯ ಕರಾರನ್ನು ಕ್ರಯಪತ್ರದಲ್ಲೇ ಬರೆಸುತ್ತಿದ್ದೇನೆ.