ತಾಳಿಕೋಟೆಗೆ 6 ಮಿ.ಮೀ., ಬೀದರ್ ಕೋಟೆಗೆ 28

ಯುದ್ಧದ ಆಟಕ್ಕೆ ಸೈನಿಕ ಬೊಂಬೆ ಕೊಳ್ಳುವ ಹೊಸಬರು ಮೊದಲು ಕೇಳುವುದು, ಯಾವ ಸ್ಕೇಲ್, ಅಂದರೆ ಎಷ್ಟು ಎತ್ತರದ ಬೊಂಬೆ, ಒಳ್ಳೆಯದು ಅಂತ. ನಾನು ತಿರುಗಿ ಕೇಳುತ್ತೇನೆ: ಯಾವ ಯುದ್ಧ? ಮೇಜಿನ ಮೇಲೆ ದಂಡು ಕಾಣಬೇಕೋ, ಮನುಷ್ಯ ಕಾಣಬೇಕೋ? ಅದು ತೀರ್ಮಾನವಾದರೆ ಸ್ಕೇಲ್ ತಾನಾಗಿ ಸಿಗುತ್ತದೆ. ಬಣ್ಣ ಹಚ್ಚುವ ರೀತಿಯೂ ಅದರ ಹಿಂದೆಯೇ ಬರುತ್ತದೆ.

ಬೀದರಿನಲ್ಲಿ ಕೂತು ನಾನು ಎರಡು ಯುದ್ಧ ಕಟ್ಟುತ್ತಿದ್ದೇನೆ. ಒಂದು 1565ರ ತಾಳಿಕೋಟೆ. ಅಳಿಯ ರಾಮರಾಯನ ಎದುರು ವಿಜಯಪುರ, ಅಹಮದ್‌ನಗರ, ಗೋಲ್ಕೊಂಡದ ಸುಲ್ತಾನರ ಜೊತೆ ನಮ್ಮೂರಿನ ಅಲಿ ಬರೀದ್ ಷಾ ಕೂಡ ನಿಂತಿದ್ದ. ಇನ್ನೊಂದು, 1657ರಲ್ಲಿ ಔರಂಗಜೇಬ್ ನಮ್ಮ ಕೋಟೆಗೆ ಹಾಕಿದ ಮುತ್ತಿಗೆ. ಮೊದಲನೆಯದಕ್ಕೆ 6 ಮಿ.ಮೀ. ಆರಿಸಿಕೊಂಡೆ, ಎರಡನೆಯದಕ್ಕೆ 28.

ಸ್ಕೇಲಿನ ಲೆಕ್ಕ ಸುಲಭ. ಆಳಿನ ಎತ್ತರ 1,700 ಮಿ.ಮೀ. ಅಂತ ಇಟ್ಟುಕೊಂಡು ಬೊಂಬೆಯ ಎತ್ತರದಿಂದ ಭಾಗಿಸಿ. 28 ಮಿ.ಮೀ. ಅಂದರೆ ಸುಮಾರು 1/60, 15 ಅಂದರೆ 1/113, 6 ಅಂದರೆ 1/283. ಆದರೆ ಕೆಲವು ತಯಾರಕರು ಪಾದದಿಂದ ಕಣ್ಣಿನವರೆಗೆ ಅಳೆಯುತ್ತಾರೆ, ಕೆಲವರು ನೆತ್ತಿಯವರೆಗೆ. 28ರಲ್ಲಿ ತಲೆ, ಕೈ ಬೇಕೆಂದೇ ದಪ್ಪ ಮಾಡುವುದೂ ಉಂಟು. ಹಾಗಾಗಿ ಪೆಟ್ಟಿಗೆಯ ಮೇಲೆ ಒಂದೇ ಅಂಕಿ ಇದ್ದರೂ ಇಬ್ಬರು ತಯಾರಕರ ಬೊಂಬೆಗಳು ಜೊತೆಯಾಗಿ ಹೊಂದದೇ ಇರಬಹುದು. ಜಾಸ್ತಿ ದುಡ್ಡು ಹಾಕುವ ಮೊದಲು ಒಂದೊಂದೇ ತರಿಸಿ, ಪಕ್ಕ ಪಕ್ಕ ನಿಲ್ಲಿಸಿ ನೋಡಿ.

6 ಮಿ.ಮೀ. ಆಳು ತೊಗರಿ ಕಾಳಿನಷ್ಟು. ಆನೆಯೂ ಒಂದು ಸೆಂಟಿಮೀಟರ್ ಆಸುಪಾಸು. ಇದರಲ್ಲಿ ಓದುವ ಮೇಜಿನ ಮೇಲೇ ಎಡ, ನಡು, ಬಲ ಮೂರೂ ಕಡೆಯ ದಂಡು ಕೂರುತ್ತದೆ. 28ರಲ್ಲಿ ತಾಳಿಕೋಟೆ ಮಾಡಲು ಹೋದರೆ, ಇಪ್ಪತ್ತು ಆಳು ನಿಲ್ಲಿಸಿ ಇದೇ ಸೈನ್ಯ ಅಂದುಕೊಳ್ಳಬೇಕು. ನನಗೆ ಅದು ಒಪ್ಪಿಗೆಯಿಲ್ಲ.

ಈ ಅಳತೆಯ ಬೊಂಬೆಗಳು ಸಾಮಾನ್ಯವಾಗಿ ನಾಲ್ಕಾರು ಆಳುಗಳ ಪಟ್ಟಿಯಾಗಿ ಬರುತ್ತವೆ. ಪಟ್ಟಿಗಳನ್ನು ಐಸ್‌ಕ್ಯಾಂಡಿ ಕಡ್ಡಿಗೆ ತಾತ್ಕಾಲಿಕವಾಗಿ ಅಂಟಿಸಿ, ಕಪ್ಪು ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಕೊಡುವ ಪದರ) ಹೊಡೆಯಿರಿ. ಒಂದು ಬಣ್ಣ ತೆಗೆದುಕೊಂಡರೆ ಎಲ್ಲ ಪಟ್ಟಿಗೂ ಹಚ್ಚಿ ಮುಗಿಸಿ, ಆಮೇಲೆ ಇನ್ನೊಂದು. ಪೇಟ, ಅಂಗಿ, ಮುಖ, ಈಟಿ, ಅಷ್ಟೇ. ನಡುವೆ ಕಪ್ಪು ಉಳಿಯಲಿ, ಅದೇ ಗೆರೆಯಾಗುತ್ತದೆ. ಬಣ್ಣ ಮಾತ್ರ ನಿಜಕ್ಕಿಂತ ಒಂದೆರಡು ಮೆಟ್ಟಿಲು ತಿಳಿ ಇರಬೇಕು. ಕಡುಗೆಂಪು ಹಚ್ಚಿದರೆ ದೂರದಿಂದ ಕಪ್ಪಾಗಿಯೇ ಕಾಣುತ್ತದೆ. “ಕಾಕಾ, ಇವರಿಗಿ ಕಣ್ಣ ಯಾಕ ಬರ್ದಿಲ್ಲ?” ಅಂತ ಅಣ್ಣನ ಮಗ ಕೇಳಿದ. ಮೂರಡಿ ದೂರ ನಿಲ್ಲಿಸಿ ತೋರಿಸಿದೆ. ಅಲ್ಲಿಂದ ಕಾಣುವುದು ಪೇಟದ ಸಾಲು, ಕಣ್ಣಲ್ಲ.

ಕೋಟೆಯ ಮುತ್ತಿಗೆಯ ಕಥೆ ಬೇರೆ. ಕಿಲ್ಲೇದಾರ ಸಿದ್ದಿ ಮರ್ಜಾನ್ ಬುರುಜಿನ ಮೇಲೆ ನಿಂತು ಕಾದಿದ. ಅಲ್ಲಿ ಇಟ್ಟಿದ್ದ ಮದ್ದಿಗೆ ಬೆಂಕಿ ತಗುಲಿ ಸಿಡಿದು, ಅವನು ಸುಟ್ಟು ಗಾಯಗೊಂಡು ಸತ್ತ. ಅವನಿಗೆ ಮುಖ ಬೇಕೇ ಬೇಕು. ಅದಕ್ಕೇ 28.

ಇಲ್ಲಿ ಮೊದಲು ಪೂರ್ತಿ ಕಪ್ಪು, ಒಣಗಿದ ಮೇಲೆ ಮೇಲಿನಿಂದ ಮಾತ್ರ ಬಿಳಿ ಸ್ಪ್ರೇ ಹಗುರಾಗಿ. ಬಿಸಿಲು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಅಂತ ಬೊಂಬೆಯೇ ತೋರಿಸುತ್ತದೆ. ಸಿದ್ದಿಗಳ ಮೂಲ ಆಫ್ರಿಕಾ. ಅವರ ಮೈಬಣ್ಣಕ್ಕೆ ಕಪ್ಪಿಗೆ ಬೂದು ಬೆರೆಸಬೇಡಿ, ಜೀವವೇ ಇರುವುದಿಲ್ಲ. ಗಾಢ ಕಂದಿನಿಂದ ಶುರು ಮಾಡಿ, ಕೆನ್ನೆ, ಮೂಗು, ಹಣೆಗೆ ಕೆಂಪು ಛಾಯೆಯ ಕಂದು ತೆಳುವಾಗಿ ಏರಿಸಿ. ದಖ್ಖನಿನ ಬಿಳಿ ಜಾಮಾ, ಅಂದರೆ ಉದ್ದನೆಯ ನಿಲುವಂಗಿ, ಅತಿ ಕಷ್ಟದ್ದು. ಅಚ್ಚ ಬಿಳಿ ಬಳಿದರೆ ಸುಣ್ಣದ ಗೋಡೆ. ತಿಳಿ ಬೂದು ಹಚ್ಚಿ, ಮಡಿಕೆಗಳಿಗೆ ನೀರಾದ ಕಂದು ಬಿಟ್ಟು, ಏರಿದ ಅಂಚಿಗೆ ಮಾತ್ರ ಬಿಳಿ ಕೊಡಿ. ಸರಪಳಿ ಕವಚ ಸುಲಭ: ಕಪ್ಪಿನ ಮೇಲೆ ಬೆಳ್ಳಿ ಬಣ್ಣದ ಡ್ರೈ ಬ್ರಷ್. ಬ್ರಷ್ಷಿನ ಬಣ್ಣ ಬಟ್ಟೆಗೆ ಒರೆಸಿ, ಇನ್ನೇನೂ ಉಳಿದಿಲ್ಲ ಅನ್ನುವಾಗ ಕವಚದ ಮೇಲೆ ಆಡಿಸಿ.

15 ಮಿ.ಮೀ. ನಡುವಿನ ದಾರಿ. 40 ಮಿ.ಮೀ. ಅಗಲದ ಬೇಸ್ (ಬೊಂಬೆ ನಿಲ್ಲಿಸುವ ತಳದ ಹಲಗೆ) ಮೇಲೆ ಮೂರು ನಾಲ್ಕು ಆಳು. ಚಪ್ಪಟೆ ಬಣ್ಣ ಹಚ್ಚಿ, ಮೇಲೆ ಕಂದು ವಾಶ್, ಅಂದರೆ ನೀರಾಗಿಸಿದ ಬಣ್ಣ, ಕೊಟ್ಟರೆ ಮುಗಿಯಿತು. 1/72ರ ಮೆತ್ತನೆ ಪ್ಲಾಸ್ಟಿಕ್ ಅಗ್ಗ, ಆದರೆ ಈಟಿ ಬಾಗಿದರೆ ಬಣ್ಣ ಎದ್ದು ಬರುತ್ತದೆ. ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಮೊದಲು ತೆಳು ಫೆವಿಕಾಲ್ ಒಂದು ಕೋಟ್ ಕೊಡಿ.

ನಮ್ಮ ಕಡೆ ಬೇಸಿಗೆಯಲ್ಲಿ ಅಕ್ರಿಲಿಕ್ ಬಣ್ಣ ಬ್ರಷ್ಷಿನ ತುದಿಯಲ್ಲೇ ಒಣಗುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್ ಹಾಸಿ ಅಲ್ಲಿ ಬಣ್ಣ ಬೆರೆಸಿ. ತೀರಾ ಸಣ್ಣ ಬ್ರಷ್ ಬೇಡ. 1ನೇ ನಂಬರ್ ಸಾಕು, ತುದಿ ಚೂಪಾಗಿರಲಿ. ಮಳೆಗಾಲದ ತೇವದಲ್ಲಿ ಸ್ಪ್ರೇ ಹೊಡೆದರೆ ಮೇಲ್ಮೈ ಮಂಕಾಗುತ್ತದೆ. ಒಣ ಹವೆಯ ದಿನಕ್ಕೆ ಕಾಯಿರಿ.

ಇನ್ನು ಬೇಸ್. ಇದರಲ್ಲಿ ನಾನು ಯಾವ ಅಂಗಡಿಯನ್ನೂ ನಂಬುವುದಿಲ್ಲ. ಬೀದರಿನ ದೃಶ್ಯಕ್ಕೆ ಇಲ್ಲಿನ ಕೆಂಪು ಮಣ್ಣೇ, ಕೃಷ್ಣೆಯ ದಡದಲ್ಲಿ ನಡೆದ ತಾಳಿಕೋಟೆ ಯುದ್ಧಕ್ಕೆ ಕಪ್ಪು ಎರೆ ಮಣ್ಣೇ. ಕೋಟೆಯ ಒಳಗಿನದು ಮುಟ್ಟಬೇಡಿ, ಹೊಲದ ಬದುವಿನದು ಒಂದು ಹಿಡಿ ಸಾಕು. ಬಿಸಿಲಲ್ಲಿ ಒಣಗಿಸಿ ಜರಡಿ ಹಿಡಿಯಿರಿ. ಒಂದು ಮಿಲಿಮೀಟರ್ ಹರಳು 28ರಲ್ಲಿ 6 ಸೆಂಟಿಮೀಟರ್ ಕಲ್ಲು, 6ರಲ್ಲಿ ಮಾತ್ರ 28 ಸೆಂಟಿಮೀಟರ್ ಬಂಡೆ. ಹಾಗಾಗಿ 28ಕ್ಕೆ ಚಹಾ ಸೋಸುವ ಜರಡಿ, 6ಕ್ಕೆ ತೆಳು ಮಲ್ ಬಟ್ಟೆ. ಫೆವಿಕಾಲ್ ಹಚ್ಚಿ, ಮಣ್ಣು ಉದುರಿಸಿ, ಒಣಗಿದ ಮೇಲೆ ನೀರು ಬೆರೆಸಿದ ಫೆವಿಕಾಲ್ ಮತ್ತೊಮ್ಮೆ ಬಿಡಿ. ಒಂದು ರಾತ್ರಿ ಹಾಗೇ ಬಿಟ್ಟು, ಕೊನೆಗೆ ಮ್ಯಾಟ್ ವಾರ್ನಿಶ್.